ತೋಪಡ ಹಿಡಿದವರ ಜಾತ್ರೆ

ಉದ್ದನೆಯ ಹಿನೋಕಿ ಮರದ ತೊಲೆ. ಅದರ ಒಂದು ತುದಿಗೆ ತೋಪಡ ಇಟ್ಟ ಬಡಗಿ ಹಿಂದಹಿಂದಕ್ಕೆ ಹೆಜ್ಜೆ ಹಾಕುತ್ತ, ಎಲ್ಲೂ ನಿಲ್ಲದೆ ಒಂದೇ ಎಳೆತಕ್ಕೆ ಇನ್ನೊಂದು ತುದಿ ಮುಟ್ಟಿಸುತ್ತಾನೆ. ಅಲಗಿನ ಬಾಯಿಂದ ಪೊರೆಯಂಥ ಸುರುಳಿ ಏಳುತ್ತದೆ. ನಮ್ಮ ಬಡಗಿಗಳು ತೋಪಡವನ್ನು ಮುಂದಕ್ಕೆ ನೂಕಿದರೆ ಜಪಾನಿನವರು ಮೈಕಡೆಗೆ ಎಳೆಯುತ್ತಾರೆ. ಸುರುಳಿ ಹರಿಯದೆ, ಪೂರ್ತಿ ಅಗಲಕ್ಕೆ ಬಂದಿದ್ದರೆ ಅದರ ದಪ್ಪ ಅಳೆಯುತ್ತಾರೆ. ಪಳಗಿದ ಕೈಯಾದರೆ ನಾಲ್ಕೈದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರ ಪಾಲಿನಲ್ಲಿ ನಾಲ್ಕೈದು ಪಾಲು. ತಲೆಗೂದಲಿನ ದಪ್ಪವೇ ಐವತ್ತು ಮೈಕ್ರಾನಿನ ಮೇಲಿರುತ್ತದೆ.

ಯಾರ ಸುರುಳಿ ಹೆಚ್ಚು ತೆಳುವೆಂದು ಬಡಗಿಗಳು ಸ್ಪರ್ಧಿಸುವ ಈ ಕೂಟದ ಹೆಸರು ‘ಕೆಜುರೋಕಾಯ್’. 1997ರಲ್ಲಿ ನಗೋಯಾದಲ್ಲಿ ಶುರುವಾಯಿತು. ಆ ಹೊತ್ತಿಗೆ ಜಪಾನಿನ ಬಡಗಿಯ ಕೈಯಿಂದ ತೋಪಡ ಬಹುಮಟ್ಟಿಗೆ ಜಾರಿತ್ತು. ವಿದ್ಯುತ್ ಯಂತ್ರ ಬಂತು, ಪ್ಲೈವುಡ್ ಬಂತು, ಕಾರ್ಖಾನೆಯಲ್ಲೇ ಕೊರೆದ ತೊಲೆಗಳು ಬಂದವು. ಎಲ್ಲಕ್ಕಿಂತ ದೊಡ್ಡ ಪೆಟ್ಟು ಗೋಡೆಯದು. ಹಳೆಯ ಮನೆಗಳಲ್ಲಿ ಕಂಬ ಕಣ್ಣಿಗೆ ಕಾಣುತ್ತಿತ್ತು. ಹೊಸ ಮನೆಗಳಲ್ಲಿ ಹಲಗೆಯ ಹಿಂದೆ ಮುಚ್ಚಿಹೋಯಿತು. ಕಾಣದ ಕಂಬವನ್ನು ಯಾರು ನಯ ಮಾಡಿಸುತ್ತಾರೆ? ಮನೆಕೆಲಸದ ಬಡಗಿ, ದೇಗುಲದ ಬಡಗಿ, ಅಲಗಿನ ಕಮ್ಮಾರ, ರಜೆಯ ದಿನ ಮರ ಹೆರೆಯುವ ಹವ್ಯಾಸಿ ಎಲ್ಲರೂ ಒಂದೇ ಅಂಗಳಕ್ಕೆ ಬಂದದ್ದು ಈ ಕೂಟದಲ್ಲಿ. ಈಗ ಅಮೆರಿಕದಲ್ಲೂ ಇಂಥ ಕೂಟ ನಡೆಯುತ್ತದೆ.

ನೋಡುವವರಿಗೆ ಎಳೆತ ಕ್ಷಣದ ಕೆಲಸ. ಅದರ ಹಿಂದಿನ ತಯಾರಿಗೆ ಕೊನೆಯೇ ಇಲ್ಲ. ಅಲಗಿನಲ್ಲಿ ಮೆದು ಕಬ್ಬಿಣಕ್ಕೆ ಗಟ್ಟಿ ಉಕ್ಕಿನ ತೆಳು ಪದರ ಬೆಸೆದಿರುತ್ತದೆ. ಮೆದು ಕಬ್ಬಿಣ ಸಾಣೆಗೆ ಬೇಗ ಸವೆದುಕೊಡುತ್ತದೆ, ಉಕ್ಕು ಹರಿತ ಹಿಡಿದುಕೊಳ್ಳುತ್ತದೆ. ನೀರು ಚಿಮುಕಿಸಿದ ಸಾಣೆಕಲ್ಲುಗಳಲ್ಲಿ ಒರಟಿನಿಂದ ನುಣುಪಿಗೆ ಸಾಗಬೇಕು. ಕೊನೆಯದಕ್ಕೆ ಕ್ಯೋಟೋ ಬೆಟ್ಟಗಳ ಕಲ್ಲೇ ಬೇಕೆನ್ನುವವರಿದ್ದಾರೆ. ತೋಪಡದ ಅಡಿ ಪೂರ್ತಿ ಸಪಾಟಲ್ಲ. ಎರಡು ಮೂರು ಕಡೆ ಮಾತ್ರ ಮರಕ್ಕೆ ತಾಗುವಂತೆ ನಡುವೆ ಕೂದಲೆಳೆಯಷ್ಟು ತಗ್ಗು ತೆಗೆದಿರುತ್ತಾರೆ. ಅದೂ ಓಕ್ ಮರದ ಒಡಲು, ಹವೆಯ ತೇವ ಏರಿದರೆ ಇಳಿದರೆ ಮೈ ತಿರುಚಿಕೊಳ್ಳುತ್ತದೆ. ಸ್ಪರ್ಧೆಯ ಬೆಳಿಗ್ಗೆ ಮಳೆ ಬಂತೆಂದರೆ ಅಡಿಯನ್ನು ಮತ್ತೆ ಹದಮಾಡಬೇಕಾಗಬಹುದು.

ಅಲಗಿನ ಕಮ್ಮಾರರಲ್ಲಿ ಇವತ್ತಿಗೂ ಕೈಮುಗಿಸಿಕೊಳ್ಳುವ ಹೆಸರು ಚಿಯೋಜುರು ಕೊರೆಹಿದೆ (1874–1957). ಅವರದು ಕತ್ತಿ ಕಮ್ಮಾರರ ಮನೆತನ. 1876ರಲ್ಲಿ ಕತ್ತಿ ಧರಿಸುವುದಕ್ಕೆ ನಿಷೇಧ ಬಂದ ಮೇಲೆ ಆ ಕುಲುಮೆಗಳ ವಿದ್ಯೆ ಬಡಗಿಯ ಉಳಿಗೂ ತೋಪಡಕ್ಕೂ ತಿರುಗಿತು. ಒಂದು ಕಸುಬಿಗೆ ಬಿದ್ದ ಪೆಟ್ಟು ಇನ್ನೊಂದಕ್ಕೆ ವರವಾದ ಕಥೆ ಅದು.

ತೋಪಡಕ್ಕಿಂತ ಹಳೆಯದು ಭರ್ಜಿಯ ಮೊನೆಯಂಥ ಅಲಗಿನ ‘ಯಾರಿಗನ್ನ’. ಬಳಕೆ ತಪ್ಪಿಹೋಗಿದ್ದ ಅದನ್ನು ಹೋರ್ಯೂಜಿ ದೇಗುಲದ ಬಡಗಿ ನಿಶಿಯೋಕಾ ತ್ಸುನೆಕಾಜು (1908–1995) ಮತ್ತೆ ಮಾಡಿಸಿ ಕೈಗೆತ್ತಿಕೊಂಡರು. ಪ್ರಾಚೀನ ಕಂಬಗಳ ಮೇಲಿನ ಅಲೆಅಲೆಯಾದ ಗುರುತು ಬೇರೆ ಯಾವ ಹತ್ಯಾರದಿಂದಲೂ ಬರುತ್ತಿರಲಿಲ್ಲ. ಕೂಟದಲ್ಲಿ ಈಗ ಅದನ್ನೂ ಮಾಡಿ ತೋರಿಸುತ್ತಾರೆ.

ಆದರೂ ಒಂದು ಕೊರಗು ಉಳಿಯುತ್ತದೆ. ಸ್ಪರ್ಧೆಯಲ್ಲಿ ಅಳೆಯುವುದು ಸುರುಳಿಯನ್ನು. ಕೆಲಸದ ಮನೆಯಲ್ಲಿ ಅದು ಗುಡಿಸಿ ಹಾಕುವ ಕಸ. ಹೆರೆದ ಮರದ ಮೈ ಎಣ್ಣೆ, ವಾರ್ನಿಶ್ ಇಲ್ಲದೆಯೇ ಹೊಳೆಯುತ್ತದೆ. ಬಡಗಿ ಇಷ್ಟೆಲ್ಲ ಪಾಡುಪಟ್ಟದ್ದು ಆ ಮೈಗಾಗಿ. ಇಪ್ಪತ್ತು ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುವ ಇಸೆ ದೇಗುಲದಲ್ಲಿ ಅದಕ್ಕೆ ಬೆಲೆಯಿದೆ. ಕಳೆದ ಸರದಿ 2013ರದು, ಮುಂದಿನದು 2033ಕ್ಕೆ. ಆದರೆ ಅಂಥ ಕೆಲಸ ಎಷ್ಟು ಜನರ ಪಾಲಿಗೆ ಬಂದೀತು? ಕೂಟ ಕೈಗಳನ್ನು ಪಳಗಿಸಬಲ್ಲದು, ಹುರುಪು ತುಂಬಬಲ್ಲದು. ಕಂಬ ಕಾಣುವಂಥ ಮನೆ ಕಟ್ಟಿಸುವ ಗಿರಾಕಿಯನ್ನು ಎಲ್ಲಿಂದ ತರಬೇಕು?