ಮಣ್ಣಗುಡ್ಡದ ಮನೆಯಲ್ಲೊಂದು ಸರ್ವರ್

ಮಂಗಳೂರಿನ ಮಣ್ಣಗುಡ್ಡದ ಫ್ಲ್ಯಾಟೊಂದರ ಹಾಲ್‌ನಲ್ಲಿ ತೆಗೆದ ಫೋಟೋ ಅದೇ ಮನೆಯ ಅಡುಗೆಕೋಣೆಯಲ್ಲಿರುವ ಫೋನಿಗೆ ತಲುಪಲು ಇವತ್ತು ಹಿಡಿಯುವ ದಾರಿ ಬಲು ಸುತ್ತಿನದು. ವೈಫೈಯಿಂದ ಗಾಜಿನ ಎಳೆಗೆ ಇಳಿದು, ಕಂಬದಿಂದ ಕಂಬಕ್ಕೆ ಸಾಗಿ, ಲೇಡಿಹಿಲ್ ದಾಟಿ, ಊರನ್ನೇ ದಾಟಿ, ನೂರಾರು ಇಲ್ಲವೇ ಸಾವಿರಾರು ಕಿಲೋಮೀಟರ್ ಆಚೆಯ ಯಾವುದೋ ಡೇಟಾ ಸೆಂಟರಿಗೆ ಹೋಗಿ, ಅಲ್ಲೊಂದು ಪ್ರತಿ ಬಿಟ್ಟು, ಮತ್ತೆ ಅಷ್ಟೇ ದೂರ ವಾಪಸು ಬರುತ್ತದೆ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸಾವಿರ ಕಿಲೋಮೀಟರಿಗೆ ಅದಕ್ಕೆ ಬೇಕಾದದ್ದು 5 ಮಿಲಿಸೆಕೆಂಡು. ಹಾಗಾಗಿ ಈ ಸುತ್ತಾಟ ನಮ್ಮ ಗಮನಕ್ಕೇ ಬರುವುದಿಲ್ಲ.

ಆ ಪ್ರತಿ ಮನೆಯಲ್ಲೇ ಇದ್ದರೆ ಹೇಗೆ? ಈ ಪ್ರಶ್ನೆಯಿಂದ ಹುಟ್ಟಿದ ಹವ್ಯಾಸವೇ ಮನೆ ಸರ್ವರ್. ಸರ್ವರ್ ಎಂದ ಕೂಡಲೇ ತಣ್ಣನೆಯ ಕೋಣೆ, ಸಾಲು ಕಪಾಟು, ಮಿನುಗುವ ದೀಪಗಳು ಕಣ್ಣಮುಂದೆ ಬರುತ್ತವೆ. ನಿಜದಲ್ಲಿ ಯಾವ ಕಂಪ್ಯೂಟರೂ ಸರ್ವರ್ ಆಗಬಹುದು. ಬೇರೆ ಯಂತ್ರಗಳು ಕೇಳಿದ್ದನ್ನು ಕೊಡಲು ಸದಾ ಎಚ್ಚರವಾಗಿರಬೇಕು, ಅಷ್ಟೇ. ಜಗತ್ತಿನ ಮೊದಲ ವೆಬ್ ಸರ್ವರ್ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರ ಮೇಜಿನ ಕಂಪ್ಯೂಟರೇ ಆಗಿತ್ತು. ಇದು ಸರ್ವರ್, ಸ್ವಿಚ್ ಆಫ್ ಮಾಡಬೇಡಿ ಎಂದು ಕೆಂಪು ಶಾಯಿಯಲ್ಲಿ ಬರೆದ ಚೀಟಿಯನ್ನು ಅದಕ್ಕೆ ಅಂಟಿಸಿದ್ದರು. ಅದು 1990ರ ದಶಕದ ಆರಂಭದ ಮಾತು. ಇಂದು ಮೂಲೆಗೆ ಬಿದ್ದಿರುವ ಹತ್ತು ವರ್ಷ ಹಳೆಯ ಲ್ಯಾಪ್‌ಟಾಪ್ ಕೂಡ ಆ ಯಂತ್ರಕ್ಕಿಂತ ಎಷ್ಟೋ ಪಟ್ಟು ಚುರುಕು.

ಏನೇನು ಇಡಬಹುದು?

ಈ ಹವ್ಯಾಸಕ್ಕೆ ಬೇಕಾದ ತಂತ್ರಾಂಶಗಳಲ್ಲಿ ಹೆಚ್ಚಿನವು ಮುಕ್ತ, ಉಚಿತ. ಲಿನಕ್ಸ್ ಹಾಕಿದ ಯಂತ್ರದ ಮೇಲೆ ನೆಕ್ಸ್ಟ್‌ಕ್ಲೌಡ್ ಕೂರಿಸಿದರೆ ಕಡತ, ಕ್ಯಾಲೆಂಡರ್, ಫೋನ್ ನಂಬರುಗಳೆಲ್ಲ ಒಂದೆಡೆ ಸೇರುತ್ತವೆ. ಇಮಿಚ್ ಎಂಬುದು ಫೋನಿನ ಫೋಟೋಗಳನ್ನು ತಾನೇ ಎಳೆದುಕೊಂಡು, ಮುಖ ಗುರುತಿಸಿ ವಿಂಗಡಿಸುತ್ತದೆ. ಗುರುತಿಸುವ ಲೆಕ್ಕಾಚಾರವೂ ಮನೆಯ ಯಂತ್ರದಲ್ಲೇ ನಡೆಯುವುದರಿಂದ ಮಕ್ಕಳ ಮುಖ ಹೊರಗೆ ಹೋಗುವುದಿಲ್ಲ. ಸಿನಿಮಾ, ವಿಡಿಯೋಗಳಿಗೆ ಜೆಲ್ಲಿಫಿನ್ ಇದೆ. ಕಿವಿಕ್ಸ್ ಹಾಕಿಕೊಂಡರೆ 30 ಸಾವಿರಕ್ಕೂ ಹೆಚ್ಚು ಲೇಖನಗಳಿರುವ ಕನ್ನಡ ವಿಕಿಪೀಡಿಯವನ್ನು ಇಂಟರ್‌ನೆಟ್ ಇಲ್ಲದೆಯೂ ಓದಬಹುದು.

ಕರಾವಳಿಯ ಮನೆಗಳಿಗೆ ಹೇಳಿಮಾಡಿಸಿದಂಥ ಎರಡು ಕೆಲಸಗಳಿವೆ. ಒಂದು, ತಾಳಮದ್ದಳೆ ಮತ್ತು ಯಕ್ಷಗಾನದ ಹಳೆಯ ಕ್ಯಾಸೆಟ್‌ಗಳು. ಮಳೆಗಾಲದ ತೇವಕ್ಕೆ ಅವುಗಳ ಟೇಪಿಗೆ ಬೂಷ್ಟು ಹಿಡಿಯುತ್ತಿದೆ, ನುಡಿಸುವ ಯಂತ್ರಗಳೂ ಅಪರೂಪವಾಗುತ್ತಿವೆ. ಸಿಡಿ ಗುಣಮಟ್ಟದಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆಯಲಾಗುತ್ತದೆ. ಪ್ರತಿ ಅಳತೆಗೆ 2 ಬೈಟ್, ಎಡ–ಬಲ ಎರಡು ವಾಹಿನಿ. ಅಂದರೆ ಸೆಕೆಂಡಿಗೆ 1,76,400 ಬೈಟ್. 90 ನಿಮಿಷದ ಒಂದು ಕ್ಯಾಸೆಟ್ ಹೀಗೆ ಸುಮಾರು 950 ಮೆಗಾಬೈಟ್ ಆಗುತ್ತದೆ. ಫ್ಲ್ಯಾಕ್ ಎಂಬ ಕ್ರಮದಲ್ಲಿ ಸಂಕುಚಿಸಿದರೆ ಧ್ವನಿ ಒಂದಿಷ್ಟೂ ನಷ್ಟವಾಗದೆ ಹೆಚ್ಚುಕಮ್ಮಿ ಅರ್ಧ ಜಾಗ ಉಳಿಯುತ್ತದೆ. ಇನ್ನೂರು ಕ್ಯಾಸೆಟ್‌ಗಳ ಸಂಗ್ರಹ 1 ಟೆರಾಬೈಟಿನ ಡಿಸ್ಕಿನಲ್ಲಿ ಕಾಲು ಭಾಗವನ್ನೂ ತುಂಬುವುದಿಲ್ಲ.

ಇನ್ನೊಂದು, ಮನೆ ತೆರಿಗೆಯ ರಸೀದಿ, ಪಹಣಿ, ಕ್ರಯಪತ್ರಗಳ ಕಟ್ಟು. ಪೇಪರ್‌ಲೆಸ್ ಎನ್‌ಜಿಎಕ್ಸ್ ಎಂಬ ತಂತ್ರಾಂಶ ಸ್ಕ್ಯಾನ್ ಮಾಡಿದ ಹಾಳೆಯನ್ನು ಟೆಸೆರಾಕ್ಟ್ ಎಂಬ ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಡುತ್ತದೆ. ಟೆಸೆರಾಕ್ಟ್‌ಗೆ ಕನ್ನಡ ಬರುತ್ತದೆ. ಅಚ್ಚಾದ ಕನ್ನಡ ಪಠ್ಯವನ್ನು ಅದು ಸಾಕಷ್ಟು ಚೆನ್ನಾಗಿ ಓದುತ್ತದೆ, ಕೈಬರಹದ ಮುಂದೆ ಸೋಲುತ್ತದೆ. ಆಮೇಲೆ ಸರ್ವೆ ನಂಬರನ್ನೋ ಊರಿನ ಹೆಸರನ್ನೋ ಟೈಪ್ ಮಾಡಿದರೆ ಬೇಕಾದ ಕಾಗದ ತೆರೆಯ ಮೇಲಿರುತ್ತದೆ.

ಕರ್ನಾಟಕದಲ್ಲಿ ಇದನ್ನು ಒಂದು ಮನೆಯಿಂದಾಚೆಗೆ ಕೊಂಡೊಯ್ದವರೂ ಇದ್ದಾರೆ. ಬೆಂಗಳೂರಿನ ಜನಸ್ತು ಎಂಬ ಲಾಭರಹಿತ ಸಂಸ್ಥೆ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಹಳ್ಳಿಗಳಲ್ಲಿ ‘ಕೌಮೆಶ್’ ಎಂಬ ಸಮುದಾಯದ ವೈಫೈ ಜಾಲ ಕಟ್ಟಿದೆ. ಅದರಲ್ಲಿ ಸರ್ವರ್ ಕೆಲಸ ಮಾಡುವುದು ಅಂಗೈ ಅಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರು. ಓದುಬರಹ ಬಾರದವರೂ ತಮ್ಮ ಮಾತು, ಕಥೆಗಳನ್ನು ಧ್ವನಿಯಲ್ಲೇ ದಾಖಲಿಸಿ, ಗುರುತು ಹಚ್ಚಿ ಹುಡುಕಲು ‘ಪಾಪಡ್’ ಎಂಬ ತಂತ್ರಾಂಶವನ್ನು ಅವರು ರೂಪಿಸಿದ್ದಾರೆ. ಹಳ್ಳಿಯ ಮಾತು ಹಳ್ಳಿಯಲ್ಲೇ ಉಳಿಯುತ್ತದೆ, ಅಲ್ಲಿಂದಲೇ ಕೇಳಲು ಸಿಗುತ್ತದೆ.

ಕರೆಂಟು ಬಿಲ್ಲಿನ ಲೆಕ್ಕ

ಹಗಲಿರುಳು ಓಡುವ ಯಂತ್ರ ಎಂದಾಗ ಮನೆಯವರು ಮೊದಲು ಕೇಳುವುದು ಬಿಲ್ಲಿನ ವಿಚಾರ. ಲೆಕ್ಕ ಸರಳ. ಕೆಲಸವಿಲ್ಲದೆ ಕುಳಿತ ಹಳೆಯ ಲ್ಯಾಪ್‌ಟಾಪ್, ತೆರೆ ಮುಚ್ಚಿದ್ದರೆ, 10 ವಾಟ್ ಆಸುಪಾಸಿನಲ್ಲಿರುತ್ತದೆ. ದಿನಕ್ಕೆ 24 ಗಂಟೆ, ತಿಂಗಳಿಗೆ 30 ದಿನ: 7.2 ಯೂನಿಟ್. ರಾಸ್ಪ್‌ಬೆರಿ ಪೈ 4 ಆದರೆ ಎರಡು–ಮೂರು ಯೂನಿಟ್‌ನಲ್ಲಿ ಮುಗಿಯುತ್ತದೆ. ಹಳೆಯ ಡೆಸ್ಕ್‌ಟಾಪ್ 50 ವಾಟ್ ಎಳೆದರೆ 36 ಯೂನಿಟ್. ಗೃಹಜ್ಯೋತಿಯ ಉಚಿತ ಮಿತಿ ಮನೆಯ ಹಿಂದಿನ ಸರಾಸರಿ ಬಳಕೆಗೆ ಕಟ್ಟುಬಿದ್ದಿರುವುದರಿಂದ ಈ ವ್ಯತ್ಯಾಸ ಸಣ್ಣದಲ್ಲ. ಮಿತಿಯ ಅಂಚಿನಲ್ಲಿರುವ ಮನೆ ಡೆಸ್ಕ್‌ಟಾಪ್ ಓಡಿಸಹೊರಟರೆ ಮೆಸ್ಕಾಂ ಬಿಲ್ಲಿನಲ್ಲಿ ಅದು ಕಾಣದೇ ಇರದು.

ಲ್ಯಾಪ್‌ಟಾಪಿಗೆ ಇನ್ನೊಂದು ಅನುಕೂಲವಿದೆ. ಅದರ ಬ್ಯಾಟರಿಯೇ ಯುಪಿಎಸ್. ಡಿಸ್ಕಿಗೆ ಬರೆಯುತ್ತಿರುವಾಗ ಕರೆಂಟು ಹೋದರೆ ಕಡತ ಅರ್ಧಕ್ಕೆ ನಿಲ್ಲುತ್ತದೆ. ಲಿನಕ್ಸ್‌ನ ಇಎಕ್ಸ್‌ಟಿ4 ಕಡತ ವ್ಯವಸ್ಥೆ ಮಾಡಹೊರಟ ಬದಲಾವಣೆಯನ್ನು ಮೊದಲು ದಿನಚರಿಯಲ್ಲಿ ಗುರುತು ಹಾಕಿಕೊಂಡು ಈ ಹಾನಿಯನ್ನು ತಗ್ಗಿಸುತ್ತದೆಯಾದರೂ ಕರೆಂಟು ಹೋಗದೇ ಇರುವುದಕ್ಕೆ ಅದು ಸಮವಲ್ಲ. ಆದರೆ ಸದಾ ನೂರಕ್ಕೆ ನೂರು ಚಾರ್ಜ್‌ನಲ್ಲಿ, ಕರಾವಳಿಯ ಸೆಕೆಯಲ್ಲಿ ಕುಳಿತ ಲಿಥಿಯಂ ಬ್ಯಾಟರಿ ಬೇಗ ಹಳತಾಗಿ ಊದಿಕೊಳ್ಳುತ್ತದೆ. ಚಾರ್ಜ್ ಮಿತಿಯನ್ನು ಶೇ 60–80ರ ನಡುವೆ ನಿಲ್ಲಿಸುವ ಸೌಲಭ್ಯ ನಿಮ್ಮ ಯಂತ್ರದಲ್ಲಿದ್ದರೆ ಬಳಸಿ. ಊದಿದ ಬ್ಯಾಟರಿಯನ್ನು ಒಂದು ದಿನವೂ ಇಟ್ಟುಕೊಳ್ಳಬೇಡಿ.

ಆಟಿಯ ಮಳೆ, ಉಪ್ಪಿನ ಗಾಳಿ

ಮಣ್ಣಗುಡ್ಡದಿಂದ ಪಶ್ಚಿಮಕ್ಕೆ ನಡೆದರೆ ಫಲ್ಗುಣಿ ನದಿ, ಅದರಾಚೆ ತಣ್ಣೀರುಬಾವಿಯ ಮರಳು, ಅದರಾಚೆ ಸಮುದ್ರ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಂಥ ಕಡೆ ಎಲೆಕ್ಟ್ರಾನಿಕ್ ವಸ್ತುವಿಗೆ ದೊಡ್ಡ ಶತ್ರು ಮಳೆಹನಿಗಿಂತ ಗಾಳಿಯಲ್ಲಿರುವ ಉಪ್ಪು ಮತ್ತು ತೇವದ ಜೋಡಿ.

ಸಮುದ್ರದ ಗಾಳಿ ಹೊತ್ತು ತಂದ ಉಪ್ಪಿನ ಸೂಕ್ಷ್ಮ ಕಣಗಳು ಧೂಳಿನೊಂದಿಗೆ ಸರ್ಕ್ಯೂಟ್ ಬೋರ್ಡಿನ ಮೇಲೆ ಕೂರುತ್ತವೆ. ಒಣಗಿದ್ದಷ್ಟು ಕಾಲ ಅವುಗಳಿಂದ ಹೆಚ್ಚಿನ ತೊಂದರೆಯಿಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ 75 ದಾಟಿತೋ, ಅಡುಗೆ ಉಪ್ಪು ಗಾಳಿಯಿಂದ ನೀರು ಹೀರಿ ತಾನೇ ಕರಗುತ್ತದೆ. ಆಟಿ ತಿಂಗಳಲ್ಲಿ ಉಪ್ಪಿನ ಭರಣಿ ಒಸರುವುದು ಇದೇ ಕಾರಣಕ್ಕೆ. ಹಾಗೆ ಕರಗಿದ ಉಪ್ಪುನೀರು ವಿದ್ಯುತ್ ವಾಹಕ. ಅತಿ ಸಣ್ಣ ಅಂತರದ ತಾಮ್ರದ ಗೆರೆಗಳ ನಡುವೆ ಅದು ಸೇತುವೆ ಕಟ್ಟಿತೆಂದರೆ ತುಕ್ಕೂ ಶಾರ್ಟ್ ಸರ್ಕ್ಯೂಟೂ ಶುರು.

ಸದಾ ಓಡುವ ಸರ್ವರಿಗೆ ಇಲ್ಲೊಂದು ಲಾಭವಿದೆ. ಬಿಸಿಯಾದಷ್ಟೂ ಗಾಳಿ ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. 10 ಡಿಗ್ರಿ ಬಿಸಿ ಏರಿದರೆ ಈ ಸಾಮರ್ಥ್ಯ ಹೆಚ್ಚುಕಮ್ಮಿ ಇಮ್ಮಡಿಯಾಗುತ್ತದೆ. ಜುಲೈ ತಿಂಗಳ ಕೋಣೆಯಲ್ಲಿ 26 ಡಿಗ್ರಿ ಉಷ್ಣತೆ, ಶೇ 90 ಆರ್ದ್ರತೆ ಇದೆಯೆನ್ನಿ. ಅದೇ ಗಾಳಿ ಯಂತ್ರದೊಳಗೆ ಹೋಗಿ 36 ಡಿಗ್ರಿಗೆ ಬಿಸಿಯಾದರೆ ಅಲ್ಲಿನ ಆರ್ದ್ರತೆ ಶೇ 51ರ ಸುಮಾರಿಗೆ ಇಳಿಯುತ್ತದೆ. ಉಪ್ಪು ಕರಗುವ ಗಡಿಗಿಂತ ಅದು ಬಹಳ ಕೆಳಗೆ, ಬೂಷ್ಟಿಗೂ ಅನುಕೂಲವಲ್ಲ. ಆದ್ದರಿಂದ ಮಳೆಗಾಲದಲ್ಲಿ ಸದಾ ಓಡುತ್ತಿರುವ ಯಂತ್ರದ ಒಳಭಾಗ, ಗೋಡ್ರೇಜ್ ಕಪಾಟಿನೊಳಗೆ ಜೋಪಾನವಾಗಿ ಮುಚ್ಚಿಟ್ಟ ಲ್ಯಾಪ್‌ಟಾಪಿಗಿಂತ ಒಣಗಿರುತ್ತದೆ. ಧೂಳು ಮಾತ್ರ ಸೇರುತ್ತಲೇ ಇರುತ್ತದೆ. ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲಿ, ಒಮ್ಮೆ ಫ್ಯಾನ್ ಮತ್ತು ಬೋರ್ಡನ್ನು ಬ್ರಷ್ಷಿನಿಂದ ಒರೆಸಿ ತೆಗೆಯುವುದು ಕ್ರಮ.

ಸಿಡಿಲಿನದು ಬೇರೆಯೇ ಕಥೆ. ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್ ಸಂಜೆಗಳಲ್ಲಿ ಕರಾವಳಿಯಲ್ಲಿ ಗುಡುಗು ಜೋರು. ತಾಮ್ರದ ಟೆಲಿಫೋನ್ ತಂತಿಯ ಕಾಲದಲ್ಲಿ ಸಿಡಿಲಿನ ವಿದ್ಯುತ್ತು ಅದೇ ತಂತಿ ಹಿಡಿದು ಮೋಡೆಮ್ಮಿಗೆ ಬರುತ್ತಿತ್ತು. ಈಗಿನ ಫೈಬರಿನ ಗಾಜು ವಿದ್ಯುತ್ ಒಯ್ಯುವುದಿಲ್ಲ. ಕೇಬಲ್ಲಿನ ಬಲಕ್ಕೆಂದು ಉಕ್ಕಿನ ತಂತಿ ಹಾಕಿದ್ದರೆ ಅದಷ್ಟೇ ವಾಹಕ. ಅದನ್ನು ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಫೈಬರ್ ಹಾಕುವವರಿಗೆ ಹೇಳಬೇಕು. ಇನ್ನುಳಿದದ್ದು ಕರೆಂಟಿನ ದಾರಿ. ಪ್ಲಗ್ಗಿಗೆ ಹಾಕುವ ಸರ್ಜ್ ಪ್ರೊಟೆಕ್ಟರ್ ಒತ್ತಡ ಏರಿದಾಗ ವಿದ್ಯುತ್ತಿನ ಹೆಚ್ಚುವರಿಯನ್ನು ನೆಲಕ್ಕೆ ತಿರುಗಿಸುತ್ತದೆ. ಮನೆಯ ಅರ್ತಿಂಗ್ ಸರಿಯಿಲ್ಲದಿದ್ದರೆ ಆ ಕೆಲಸ ಅರ್ಧಂಬರ್ಧ. ಗುಡುಗು ಹತ್ತಿರವಾಗುವ ಮೊದಲೇ ಪ್ಲಗ್ ಕೀಳುವ ಅಜ್ಜಿಯ ಪದ್ಧತಿಯನ್ನು ಮೀರಿಸುವ ಉಪಕರಣ ಇನ್ನೂ ಬಂದಿಲ್ಲ. ಬ್ಯಾಟರಿ ಇರುವ ಲ್ಯಾಪ್‌ಟಾಪ್ ಸರ್ವರ್ ಪ್ಲಗ್ ಕಿತ್ತರೂ ಓಡುತ್ತಿರುತ್ತದೆ.

ಗಾಳಿಮಳೆಗೆ ಮರ ಬಿದ್ದು ಫೈಬರ್ ತುಂಡಾದ ದಿನವೂ ಮನೆಯೊಳಗಿನ ಜಾಲ ಕೆಲಸ ಮಾಡುತ್ತದೆ. ರೌಟರಿಗೆ ಇನ್ವರ್ಟರ್ ಲೈನ್ ಕೊಟ್ಟಿದ್ದರೆ ಫೋಟೋ, ಹಾಡು, ಕಾಗದಪತ್ರ, ವಿಕಿಪೀಡಿಯ ಎಲ್ಲವೂ ಎಂದಿನಂತೆ ಸಿಗುತ್ತವೆ.

ವಿಳಾಸ ಇಲ್ಲದ ಮನೆ

ಕಷ್ಟ ಶುರುವಾಗುವುದು ಹೊರಗಿನಿಂದ ತಲುಪಬೇಕೆಂದಾಗ. ಇಂಟರ್‌ನೆಟ್ಟಿನ ಹಳೆಯ ವಿಳಾಸ ಪದ್ಧತಿಯಾದ ಐಪಿವಿ4ನಲ್ಲಿ ವಿಳಾಸಗಳು 32 ಬಿಟ್ ಉದ್ದ, ಒಟ್ಟು ಸುಮಾರು 430 ಕೋಟಿ. 2011ರ ಫೆಬ್ರವರಿಯಲ್ಲಿ ಜಾಗತಿಕ ದಾಸ್ತಾನಿನ ಕೊನೆಯ ಕಟ್ಟುಗಳನ್ನೂ ಹಂಚಿಯಾಯಿತು. ಹಾಗಾಗಿ ಹಲವು ಕಂಪನಿಗಳು ನೂರಾರು ಮನೆಗಳಿಗೆ ಸೇರಿಸಿ ಒಂದೇ ವಿಳಾಸ ಕೊಡುತ್ತವೆ. ಫ್ಲ್ಯಾಟ್ ನಂಬರೇ ಇಲ್ಲದ ಅಪಾರ್ಟ್‌ಮೆಂಟ್ ಇದ್ದ ಹಾಗೆ: ನೀವು ಕಳಿಸಿದ ಕಾಗದಕ್ಕೆ ಬಂದ ಉತ್ತರವನ್ನು ವಾಚ್‌ಮನ್ ಗುರುತು ಹಿಡಿದು ತಂದುಕೊಡುತ್ತಾನೆ, ಹೊಸಬರು ಬಂದು ಕೇಳಿದರೆ ಯಾವ ಮನೆಗೆ ಬಿಡಬೇಕೆಂದು ಅವನಿಗೆ ತಿಳಿಯುವುದಿಲ್ಲ. ಬೆಂಗಳೂರಿನ ಮಗಳ ಫೋನು ಮಣ್ಣಗುಡ್ಡದ ಸರ್ವರನ್ನು ಹುಡುಕಿ ಸೋಲುವುದು ಇಲ್ಲೇ.

ದಾರಿಗಳು ಮೂರು. ಹೆಚ್ಚುವರಿ ಹಣ ಕೊಟ್ಟು ಸ್ಥಿರ ವಿಳಾಸ ಪಡೆಯುವುದು ಒಂದು. 128 ಬಿಟ್‌ನ ಐಪಿವಿ6 ಬಳಸುವುದು ಇನ್ನೊಂದು. ಅದರ ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲಿದೆ, ಮತ್ತು ಅದರಲ್ಲಿ ಪ್ರತಿ ಸಾಧನಕ್ಕೂ ಸ್ವಂತ ವಿಳಾಸ ಸಿಗುವಷ್ಟು ಜಾಗವಿದೆ. ಮೂರನೆಯದು, ಟೇಲ್‌ಸ್ಕೇಲ್‌ನಂಥ ಸೇವೆ. ಮನೆಯ ಯಂತ್ರ ಮತ್ತು ಹೊರಗಿನ ಫೋನು ಎರಡೂ ಒಳಗಿನಿಂದಲೇ ಕರೆ ಹಚ್ಚಿ, ನಡುವಿನ ಸರ್ವರೊಂದರ ನೆರವಿನಿಂದ ಪರಸ್ಪರ ಗುರುತು ಹಿಡಿಯುತ್ತವೆ.

ಟೇಲ್‌ಸ್ಕೇಲ್‌ನ ಬುಡದಲ್ಲಿರುವುದು 2020ರಲ್ಲಿ ಲಿನಕ್ಸ್ ಕರ್ನೆಲ್ಲಿಗೆ ಸೇರಿದ ವೈರ್‌ಗಾರ್ಡ್. ಎರಡೂ ತುದಿಗಳಲ್ಲಿ ಗುಪ್ತಕೀಲಿ ಇಟ್ಟು, ಮಧ್ಯದ ಮಾತನ್ನು ಬೇರೆ ಯಾರೂ ಓದಲಾಗದ ಹಾಗೆ ಅದು ಸುತ್ತುತ್ತದೆ. ಸರಿಯಾದ ಕೀಲಿಯಿಲ್ಲದೆ ಬಾಗಿಲು ಬಡಿದವರಿಗೆ ಉತ್ತರವನ್ನೇ ಕೊಡುವುದಿಲ್ಲ. ಇದು ಮುಖ್ಯ. ಏಕೆಂದರೆ 2013ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಝೀಮ್ಯಾಪ್ ಎಂಬ ಸಾಧನದಿಂದ ಇಡೀ ಐಪಿವಿ4 ಜಗತ್ತನ್ನು ಒಂದು ಸಾಧಾರಣ ಕಂಪ್ಯೂಟರಿನಲ್ಲಿ 45 ನಿಮಿಷದೊಳಗೆ ತಡಕಬಹುದೆಂದು ತೋರಿಸಿದರು. ತೆರೆದಿಟ್ಟ ಬಾಗಿಲು ಯಾರಿಗೂ ಗೊತ್ತಾಗದು ಎಂಬ ಮಾತಿಗೆ ಅಂದಿನಿಂದ ಅರ್ಥವಿಲ್ಲ. ರೌಟರಿನಲ್ಲಿ ಪೋರ್ಟ್ ತೆರೆದು ನೆಕ್ಸ್ಟ್‌ಕ್ಲೌಡನ್ನು ನೇರವಾಗಿ ಬೀದಿಗೆ ಇಡಬೇಡಿ, ವೈರ್‌ಗಾರ್ಡಿನ ಹಿಂದೆ ಇಡಿ. ಗಲ್ಫ್‌ನ ಕೆಲವು ದೇಶಗಳಲ್ಲಿ ವೈರ್‌ಗಾರ್ಡಿನಂಥ ವಿಪಿಎನ್ ಬಳಕೆಗೆ ಕಾನೂನಿನ ಕಟ್ಟುಪಾಡುಗಳಿವೆ. ಅಲ್ಲಿರುವ ಮನೆಮಂದಿಗೆ ಸಂಪರ್ಕ ಕೊಡುವ ಮೊದಲು ಅದನ್ನು ವಿಚಾರಿಸಿಕೊಳ್ಳಿ.

ಇಮೇಲ್ ಮಾತ್ರ ಮನೆಗೆ ತರದಿರುವುದೇ ಜಾಣತನ. ಮನೆಗಳ ವಿಳಾಸದಿಂದ ಹೊರಟ ಅಂಚೆಯನ್ನು ದೊಡ್ಡ ಕಂಪನಿಗಳು ಸಾಮಾನ್ಯವಾಗಿ ನಂಬುವುದಿಲ್ಲ. ಬ್ಯಾಂಕಿಗೆ ಬರೆದ ಪತ್ರ ಸ್ಪ್ಯಾಮ್ ಡಬ್ಬಕ್ಕೆ ಬಿದ್ದದ್ದು ನಿಮಗೆ ತಿಳಿಯುವುದೂ ಇಲ್ಲ.

ಮೂರು ಪ್ರತಿ, ಎರಡು ಮಾಧ್ಯಮ, ಒಂದು ಬೇರೆ ಊರು

ಡೇಟಾ ಸೆಂಟರಿನವರು ನಮಗಾಗಿ ಮಾಡುತ್ತಿದ್ದ ದೊಡ್ಡ ಕೆಲಸವೆಂದರೆ ಪ್ರತಿ ಉಳಿಸುವುದು. ಮನೆಗೆ ಸರ್ವರ್ ತಂದಮೇಲೆ ಆ ಹೊಣೆ ನಮ್ಮದು. ಹಾರ್ಡ್‌ಡಿಸ್ಕಿನ ಓದುಸೂಜಿ ತಿರುಗುವ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ. ಅಂಥ ಯಂತ್ರ ಇಂದಲ್ಲ ನಾಳೆ ಕೆಡುತ್ತದೆ ಎಂದೇ ಹಿಡಿದು ನಡೆಯಬೇಕು. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3–2–1 ಸೂತ್ರ ಇಲ್ಲಿ ಸಾಕು: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ. ಪುತ್ತೂರಿನ ಮೂಲಮನೆಯಲ್ಲೋ ಮೈಸೂರಿನ ತಮ್ಮನ ಮನೆಯಲ್ಲೋ ಇನ್ನೊಂದು ಸಣ್ಣ ಯಂತ್ರವಿದ್ದರೆ ರೆಸ್ಟಿಕ್ ಎಂಬ ತಂತ್ರಾಂಶ ರಾತ್ರಿ ಹೊತ್ತು ಬದಲಾದ ತುಣುಕುಗಳನ್ನಷ್ಟೇ ಗೂಢಲಿಪಿಯಲ್ಲಿ ಅಲ್ಲಿಗೆ ಕಳಿಸುತ್ತದೆ. ಗುಪ್ತಪದ ಕಳೆದುಕೊಂಡರೆ ಯಾರಿಂದಲೂ ಆ ಪ್ರತಿಯನ್ನು ತೆರೆಯಲಾಗದು. ಗುಪ್ತಪದವನ್ನು ಕಾಗದದಲ್ಲಿ ಬರೆದು, ಮನೆಯ ಇನ್ನೊಬ್ಬರಿಗೂ ತಿಳಿಸಿಡಿ.

ಒಟ್ಟಿನಲ್ಲಿ, ದುಡ್ಡು ಉಳಿಸಲೆಂದು ಈ ಹವ್ಯಾಸಕ್ಕೆ ಇಳಿಯುವವರಿಗೆ ನಿರಾಸೆ ಕಾದಿದೆ. ಡಿಸ್ಕು, ಬ್ಯಾಟರಿ, ಭಾನುವಾರದ ಮಧ್ಯಾಹ್ನಗಳು ಎಲ್ಲ ಖರ್ಚಿನ ಬಾಬ್ತು. ತಮ್ಮ ಮನೆಯ ಮಾಹಿತಿ ಎಲ್ಲಿದೆ, ಯಾವ ದಾರಿಯಲ್ಲಿ ಓಡಾಡುತ್ತಿದೆ, ಯಾವುದರಿಂದ ಕೆಡುತ್ತದೆ ಎಂದು ತಿಳಿಯುವ ಕುತೂಹಲ ಇದ್ದವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಶುರು ಮಾಡುವುದಾದರೆ ಎಲ್ಲವನ್ನೂ ಒಟ್ಟಿಗೆ ಹಚ್ಚಿಕೊಳ್ಳಬೇಡಿ. ಒಂದು ಹಳೆಯ ಲ್ಯಾಪ್‌ಟಾಪ್, ಒಂದು ತಂತ್ರಾಂಶ, ಒಂದು ಹೊರಗಿನ ಪ್ರತಿ ಸಾಕು. ಮೊದಲ ಸರದಿ ಅಟ್ಟದ ಕ್ಯಾಸೆಟ್‌ಗಳಿಗೆ ಇರಲಿ. ಫೋನಿನ ಫೋಟೋಗಳು ಇನ್ನೊಂದು ವರ್ಷ ಕಾಯಬಲ್ಲವು, ಬೂಷ್ಟು ಹಿಡಿದ ಟೇಪು ಕಾಯಲಾರದು.