ಅಪ್‌ಡೇಟ್ ಪಾಪ್-ಅಪ್ ನಂಬಬಹುದಾ?

‘ನಿಮ್ಮ ಸಾಫ್ಟ್‌ವೇರ್ ಹಳೆಯದಾಗಿದೆ, ಈಗಲೇ ಅಪ್‌ಡೇಟ್ ಮಾಡಿ’ ಅಂತ ಸ್ಕ್ರೀನ್ ಮೇಲೆ ಬಂದರೆ ಒತ್ತಬೇಕಾ, ಬಿಡಬೇಕಾ? ಹೂಡಿಕೆಯ ಬ್ಲಾಗಿನಲ್ಲಿ ಇದೇಕೆ ಅನ್ನಬೇಡಿ. ನಮ್ಮ 401ಕೆ, ಬ್ರೋಕರೇಜ್, ಊರಿನ ಎನ್‌ಆರ್‌ಇ ಖಾತೆ ಎಲ್ಲವನ್ನೂ ತೆರೆಯುವುದು ಅದೇ ಲ್ಯಾಪ್‌ಟಾಪಿನಲ್ಲಿ.

ಮೆಸೇಜ್ ಅಸಲಿಯಂತೆ ಕಾಣುತ್ತದೋ ಇಲ್ಲವೋ ಎಂದು ನೋಡುತ್ತಾ ಕೂರುವುದು ವ್ಯರ್ಥ. ಲೋಗೋ, ಬಣ್ಣ, ಅಕ್ಷರ ಯಾವುದನ್ನು ಬೇಕಾದರೂ ನಕಲು ಮಾಡಬಹುದು. ನೋಡಬೇಕಾದದ್ದು ಅದು ಎಲ್ಲಿಂದ ಬಂತು ಅನ್ನುವುದನ್ನು. ಬ್ರೌಸರ್‌ನಲ್ಲಿ ತೆರೆದ ವೆಬ್ ಪುಟದೊಳಗೆ ಬಂದಿದ್ದರೆ ಅದು ಬರೀ ಚಿತ್ರ. ಯಾವುದೋ ವೆಬ್‌ಸೈಟ್ ನಿಮ್ಮ ಕಂಪ್ಯೂಟರನ್ನು ಸ್ಕ್ಯಾನ್ ಮಾಡಿ ‘5 ವೈರಸ್ ಸಿಕ್ಕಿವೆ’ ಎನ್ನಲು ಸಾಧ್ಯವೇ ಇಲ್ಲ. ಫೋನ್ ನಂಬರ್ ಇದ್ದರಂತೂ ಮುಗಿಯಿತು. ಮೈಕ್ರೋಸಾಫ್ಟ್‌ನ ಎಚ್ಚರಿಕೆಗಳಲ್ಲಿ ನಂಬರ್ ಇರುವುದೇ ಇಲ್ಲ. ಫ್ಲ್ಯಾಶ್ ಪ್ಲೇಯರ್ ಅಪ್‌ಡೇಟ್ ಮಾಡಿ ಅಂದರೆ ಯೋಚನೆಯೇ ಬೇಡ, ಅಡೋಬಿ ಅದಕ್ಕೆ 2020ರ ಡಿಸೆಂಬರ್ 31ಕ್ಕೇ ಮಂಗಳ ಹಾಡಿದೆ.

ನನ್ನ ಪದ್ಧತಿ ಒಂದೇ: ಪಾಪ್-ಅಪ್‌ನಲ್ಲಿರುವ ಬಟನ್ ಒತ್ತುವುದಿಲ್ಲ, ಅಸಲಿ ಅನ್ನಿಸಿದರೂ ಒತ್ತುವುದಿಲ್ಲ. ಮುಚ್ಚಿ, ನಾನೇ ಸೆಟ್ಟಿಂಗ್ಸ್‌ಗೆ ಹೋಗುತ್ತೇನೆ. ವಿಂಡೋಸ್‌ನಲ್ಲಿ ‘ವಿಂಡೋಸ್ ಅಪ್‌ಡೇಟ್’, ಮ್ಯಾಕ್ ಮತ್ತು ಐಫೋನ್‌ನಲ್ಲಿ ‘ಜನರಲ್’ ಕೆಳಗೆ ‘ಸಾಫ್ಟ್‌ವೇರ್ ಅಪ್‌ಡೇಟ್’, ಕ್ರೋಮ್ ಆದರೆ ಅದರ ಮೆನುವಿನಲ್ಲಿ ‘ಅಬೌಟ್’. ನಿಜವಾಗಿ ಅಪ್‌ಡೇಟ್ ಇದ್ದರೆ ಅಲ್ಲಿ ಇದ್ದೇ ಇರುತ್ತದೆ. ಪುಟ ಮುಚ್ಚಲು ಬಿಡದೆ ಸತಾಯಿಸಿದರೆ ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರನ್ನೇ ನಿಲ್ಲಿಸಿ.

ಇನ್ನು ದುಡ್ಡಿನ ವಿಷಯ. ಎಫ್‌ಬಿಐನ ಐಸಿ3 ವರದಿಯ ಪ್ರಕಾರ 2024ರಲ್ಲಿ ಟೆಕ್ ಸಪೋರ್ಟ್ ವಂಚನೆಯಲ್ಲಿ ಜನ ಕಳೆದುಕೊಂಡದ್ದು ಸುಮಾರು 146 ಕೋಟಿ ಡಾಲರ್. ‘ಬ್ಯಾಂಕ್ ವಾಪಸ್ ಕೊಡುತ್ತದಲ್ಲ’ ಎಂದುಕೊಳ್ಳುವವರಿಗೆ ಒಂದು ಮಾತು. ರೆಗ್ಯುಲೇಶನ್ ಇ ಎಂಬ ನಿಯಮದಂತೆ, ಕದ್ದ ಡೆಬಿಟ್ ಕಾರ್ಡಿನಿಂದ ಬೇರೆಯವರು ಹಣ ತೆಗೆದಾಗ 2 ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಹೊರೆ 50 ಡಾಲರ್. ತಡವಾದರೆ 500ಕ್ಕೆ ಏರಬಹುದು, 60 ದಿನ ದಾಟಿದರೆ ಇನ್ನೂ ಹೆಚ್ಚು. ಆದರೆ ಫೋನಿನಲ್ಲಿ ಹೆದರಿಸಿದ ಅಂತ ನೀವೇ ವೈರ್ ಟ್ರಾನ್ಸ್‌ಫರ್ ಮಾಡಿದರೆ ಈ ರಕ್ಷಣೆ ಇಲ್ಲ. ವಂಚಕರು ನಿಮ್ಮ ಕೈಯಿಂದಲೇ ಕಳಿಸುವಂತೆ ಮಾಡುವುದು ಅದಕ್ಕೇ. ಎಸ್‌ಐಪಿಸಿಯ 5 ಲಕ್ಷ ಡಾಲರ್ ರಕ್ಷಣೆ ಇರುವುದು ಬ್ರೋಕರ್ ಕಂಪನಿ ಮುಳುಗಿದಾಗ, ಇದಕ್ಕಲ್ಲ. ಹಣ ತೆಗೆದದ್ದು ಐಆರ್‌ಎಯಿಂದ, ವಯಸ್ಸು 59½ಕ್ಕಿಂತ ಕಡಿಮೆ ಎಂದಾದರೆ ಕಳೆದುಕೊಂಡ ಹಣದ ಮೇಲೆ ತೆರಿಗೆ, ಜೊತೆಗೆ ಶೇ. 10 ದಂಡದ ಪ್ರಶ್ನೆಯೂ ಎದುರಾಗುತ್ತದೆ.

ಹಾಗಾದರೆ ಅಸಲಿ ದಾರಿಯಲ್ಲಿ ಬಂದ ಅಪ್‌ಡೇಟ್ ಎಲ್ಲವೂ ಸುರಕ್ಷಿತವೇ? ಅದೂ ಅಲ್ಲ. ದೊಡ್ಡ ಉದಾಹರಣೆಗಳೆರಡೂ ನಮ್ಮ ಟೆಕ್ಸಸ್‌ನವೇ, ಆಸ್ಟಿನ್‌ನವು.

ಮೊದಲನೆಯದು ಸೋಲಾರ್‌ವಿಂಡ್ಸ್. ಅವರ ಒರಾಯನ್ ಸಾಫ್ಟ್‌ವೇರ್ ತಯಾರಾಗುವ ಜಾಗಕ್ಕೇ ಹ್ಯಾಕರ್‌ಗಳು ನುಗ್ಗಿ, 2020ರ ಮಾರ್ಚ್‌ನಿಂದ ಜೂನ್‌ವರೆಗಿನ ಅಪ್‌ಡೇಟ್‌ಗಳಲ್ಲಿ ತಮ್ಮ ಕೋಡ್ ಸೇರಿಸಿದ್ದರು. ಕಂಪನಿಯದೇ ಡಿಜಿಟಲ್ ಸಹಿ ಇತ್ತು. ಸುಮಾರು 18,000 ಗ್ರಾಹಕರವರೆಗೆ ಅದು ತಲುಪಿತು. ಅವುಗಳಲ್ಲಿ ಒಳಹೊಕ್ಕು ಬೇಹುಗಾರಿಕೆ ನಡೆಸಿದ್ದು ಸರ್ಕಾರದ 9 ಸಂಸ್ಥೆಗಳೂ ಸೇರಿ ಕೆಲವರ ಮೇಲಷ್ಟೇ. ಡಿಸೆಂಬರ್‌ನಲ್ಲಿ ಸುದ್ದಿ ಹೊರಬಂದ ವಾರದಲ್ಲೇ ಷೇರು ಸುಮಾರು ಶೇ. 40 ಬಿತ್ತು.

ಎರಡನೆಯದು ಕ್ರೌಡ್‌ಸ್ಟ್ರೈಕ್. 2024ರ ಜುಲೈ 19. ಇದರಲ್ಲಿ ಕಳ್ಳತನವಿಲ್ಲ, ತಪ್ಪು ಫೈಲ್ ಅಷ್ಟೇ. ಮೈಕ್ರೋಸಾಫ್ಟ್ ಲೆಕ್ಕದಲ್ಲಿ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿದವು. ಹ್ಯೂಸ್ಟನ್ ದೊಡ್ಡ ನೆಲೆಯಾಗಿರುವ ಯುನೈಟೆಡ್, ಡಲ್ಲಾಸ್ ಬಳಿಯ ಅಮೆರಿಕನ್ ಎರಡರ ವಿಮಾನಗಳೂ ಕೆಲಹೊತ್ತು ನೆಲದಲ್ಲೇ ಉಳಿದವು. ಡಲ್ಲಾಸ್‌ನ ಸೌತ್‌ವೆಸ್ಟ್‌ಗೆ ಮಾತ್ರ ಹೆಚ್ಚು ತಟ್ಟಲಿಲ್ಲ. (ಅವರು ಇನ್ನೂ ವಿಂಡೋಸ್ 3.1 ಬಳಸುತ್ತಾರೆ ಎಂದು ಹರಿದಾಡಿದ ಕಥೆ ಸುಳ್ಳು.)

ಇಷ್ಟು ಓದಿ ಅಪ್‌ಡೇಟ್ ಆಫ್ ಮಾಡಲು ಹೊರಟರೆ ಎಕ್ವಿಫ್ಯಾಕ್ಸ್ ನೆನಪಿಸಿಕೊಳ್ಳಿ. 2017ರ ಮಾರ್ಚ್‌ನಲ್ಲೇ ಬಂದಿದ್ದ ಪ್ಯಾಚ್ ಹಾಕದೆ ಬಿಟ್ಟರು, ಸುಮಾರು 14.7 ಕೋಟಿ ಜನರ ವಿವರ ಹೋಯಿತು, ನಿಮ್ಮ ಎಸ್‌ಎಸ್‌ಎನ್ ಕೂಡ ಇರಬಹುದು. ಇದು ನಮ್ಮ ರಿಸ್ಕ್ ಲೆಕ್ಕದಂತೆಯೇ. ಸೋಲಾರ್‌ವಿಂಡ್ಸ್ ತರಹದ್ದು ಅಪರೂಪ, ಮನೆಯಲ್ಲಿ ಕೂತ ನೀವು ಅದನ್ನು ತಡೆಯಲಾರಿರಿ. ಹಳೆಯ ಸಾಫ್ಟ್‌ವೇರ್ ಮತ್ತು ನಕಲಿ ಪಾಪ್-ಅಪ್ ದಿನನಿತ್ಯದ ರಿಸ್ಕ್, ಎರಡೂ ನಿಮ್ಮ ಕೈಯಲ್ಲಿವೆ. ಆದ್ದರಿಂದ ಸೆಕ್ಯುರಿಟಿ ಅಪ್‌ಡೇಟ್ ಆಟೋಮ್ಯಾಟಿಕ್ ಇರಲಿ. ಪೂರ್ತಿ ಹೊಸ ಆವೃತ್ತಿಗೆ ಬೇಕಾದರೆ ಒಂದೆರಡು ವಾರ ಕಾಯಿರಿ.

ನಮ್ಮ ಮನೆಗಳ ಮಟ್ಟಿಗೆ ಮುಖ್ಯವಾದದ್ದು ಇನ್ನೊಂದಿದೆ. ಊರಿಂದ ಬಂದ ಅಪ್ಪ-ಅಮ್ಮ ಸೀರಿಯಲ್ ನೋಡಲು ನಿಮ್ಮ ಲ್ಯಾಪ್‌ಟಾಪನ್ನೇ ಕೇಳುತ್ತಾರೆ. ಪುಕ್ಕಟೆ ಸ್ಟ್ರೀಮಿಂಗ್ ಸೈಟ್‌ಗಳೇ ಇಂಥ ಪಾಪ್-ಅಪ್‌ಗಳ ತವರು. ಅವರಿಗೆ ಅಡ್ಮಿನ್ ಹಕ್ಕಿಲ್ಲದ ಬೇರೆ ಯೂಸರ್ ಅಕೌಂಟ್ ಮಾಡಿಕೊಡಿ, ಇಲ್ಲವೇ ಒಂದು ಟ್ಯಾಬ್ಲೆಟ್ ತಂದುಕೊಡಿ. ‘ಕೆಂಪು ಪರದೆ ಬಂದರೆ ಮುಟ್ಟಬೇಡಿ, ನನ್ನ ಕರೀರಿ’ ಅಂತ ಮೊದಲೇ ಹೇಳಿಟ್ಟಿರಿ.

ಯಾರಾದರೂ ಈಗಾಗಲೇ ಒತ್ತಿದ್ದರೆ ವೈಫೈ ಆಫ್ ಮಾಡಿ. ಬೇರೊಂದು ಫೋನಿನಿಂದ ಮೊದಲು ಇಮೇಲ್, ಆಮೇಲೆ ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ. ಬ್ಯಾಂಕಿಗೂ ಬ್ರೋಕರ್‌ಗೂ ಕರೆ ಮಾಡುವಾಗ ಕಾರ್ಡ್ ಹಿಂದಿನ ಅಥವಾ ಸ್ಟೇಟ್‌ಮೆಂಟ್‌ನಲ್ಲಿನ ನಂಬರನ್ನೇ ಬಳಸಿ. ವೈರ್ ಹೋಗಿದ್ದರೆ ಅದೇ ಗಂಟೆಯಲ್ಲಿ ರೀಕಾಲ್ ಕೇಳಿ, ಐಸಿ3ಗೂ ದೂರು ಕೊಡಿ.