ಚೈನ್ ಸಾ ಬಳಸುವಿರಾ? ಕೈ, ಕಿವಿ ಜೋಪಾನ

ಮಲೆನಾಡು, ಕೊಡಗಿನ ತೋಟದ ಮನೆಗಳಲ್ಲಿ ಕೊಡಲಿ, ಗರಗಸಗಳ ಪಕ್ಕದಲ್ಲೇ ಪೆಟ್ರೋಲಿನಿಂದ ಓಡುವ ಪುಟ್ಟ ಚೈನ್ ಸಾ ಕೂಡ ಜಾಗ ಪಡೆದಿದೆ. ಗಾಳಿಮಳೆಗೆ ಬಿದ್ದ ಮರ ತುಂಡರಿಸಲು, ಸೌದೆ ಕೊಯ್ಯಲು ಅದು ಅನುಕೂಲವೇ ಸರಿ. ಆದರೆ ಯಂತ್ರದ 'ಪಿಕಪ್' ಸಾಲದೆಂದು ಕೆಲವರು ಮನೆಯಲ್ಲೇ ಅದನ್ನು ಬಿಚ್ಚತೊಡಗುತ್ತಾರೆ. ಸೈಲೆನ್ಸರಿಗೆ ತೂತು ಕೊರೆಯುವುದು, ಕಾರ್ಬುರೇಟರಿನ ಸ್ಕ್ರೂ ತಿರುಗಿಸುವುದು, ಅಡ್ಡಿಯೆಂದು ಬ್ರೇಕ್ ತೆಗೆದಿಡುವುದು ಎಲ್ಲವೂ ನಡೆಯುತ್ತದೆ. ಬದಲಾವಣೆ ಯಂತ್ರಕ್ಕಾದರೂ ಪರಿಣಾಮ ಅನುಭವಿಸುವುದು ನಿಮ್ಮ ದೇಹ.

ಕಿವಿಯ ಗತಿ ಏನು?

85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೇಳಬಾರದು. ಶಬ್ದ 3 ಡೆಸಿಬೆಲ್ ಏರಿದಂತೆಲ್ಲ ಈ ಅವಧಿಯನ್ನು ಅರ್ಧಕ್ಕೆ ಇಳಿಸಬೇಕು. ಈ ಲೆಕ್ಕದಲ್ಲಿ 100 ಡೆಸಿಬೆಲ್‌ಗೆ ಸಿಗುವುದು ಕೇವಲ 15 ನಿಮಿಷ. ಪೂರ್ಣವೇಗದಲ್ಲಿ ಓಡುವ ಚೈನ್ ಸಾ ಸಾಮಾನ್ಯವಾಗಿ 100 ಡೆಸಿಬೆಲ್ ದಾಟುತ್ತದೆ. ಸೈಲೆನ್ಸರ್ ಕೊರೆದರೆ ಅದು ಇನ್ನಷ್ಟು ಏರುತ್ತದೆ. ಜೊತೆಗೆ ಕಿಡಿ ತಡೆಯುವ ಜಾಲರಿಯನ್ನೂ ಕಿತ್ತರೆ ಬೇಸಿಗೆಯ ಒಣ ತರಗೆಲೆಗೆ ಬೆಂಕಿ ಹತ್ತುವ ಭಯ ಬೇರೆ.

ಒಳಗಿವಿಯಲ್ಲಿ ಶಬ್ದ ಗ್ರಹಿಸುವ ಸೂಕ್ಷ್ಮ ಕೋಶಗಳಿವೆ. ಒಮ್ಮೆ ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ. ಕೆಲಸ ಮುಗಿದ ಮೇಲೆ ಕಿವಿಯಲ್ಲಿ 'ಗುಂಯ್' ಎನ್ನುವುದು ಮೊದಲ ಎಚ್ಚರಿಕೆ. ಹತ್ತಿ ತುರುಕಿಕೊಂಡರೆ ಸಾಲದು. ಇಯರ್ ಮಫ್ ಅಥವಾ ಇಯರ್ ಪ್ಲಗ್ ಬೇಕೇಬೇಕು.

ಬೆಳ್ಳಗಾಗುವ ಬೆರಳು

ಚಳಿಯ ಮುಂಜಾನೆ ನಿಮ್ಮ ಬೆರಳ ತುದಿಗಳು ಬೆಳ್ಳಗಾಗಿ ಮರಗಟ್ಟುತ್ತವೆಯೇ? ಅಂಗಿಯ ಗುಂಡಿ ಹಾಕಲು ಕಷ್ಟವಾಗುತ್ತಿದೆಯೇ? ವರ್ಷಗಟ್ಟಲೆ ನಡುಗುವ ಯಂತ್ರ ಹಿಡಿದವರಲ್ಲಿ ಬೆರಳಿನ ರಕ್ತನಾಳ ಮತ್ತು ನರಗಳಿಗೆ ಹಾನಿಯಾಗುತ್ತದೆ. ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ 1918ರಲ್ಲಿ ಇಂಡಿಯಾನಾದ ಕಲ್ಲುಕುಟಿಗರಲ್ಲಿ ಇದನ್ನು ವಿವರಿಸಿದರು. ಮುಂದೆ ಚೈನ್ ಸಾ ಹಿಡಿದ ಅರಣ್ಯ ಕಾರ್ಮಿಕರಲ್ಲೂ ಇದೇ ತೊಂದರೆ ಕಂಡುಬಂತು. ಕಂಪನ ಹೀರುವ ರಬ್ಬರ್ ಅಥವಾ ಸ್ಪ್ರಿಂಗ್‌ಗಳನ್ನು ಹಿಡಿಕೆಗೆ ಅಳವಡಿಸಿರುವುದು ಇದಕ್ಕಾಗಿಯೇ. ಅವು ಹರಿದಾಗ ಬೋಲ್ಟ್ ಬಿಗಿದು ಕೆಲಸ ಸಾಗಿಸಬೇಡಿ. ಮೊಂಡಾದ ಚೈನ್ ಕೂಡ ಕಂಪನ ಹೆಚ್ಚಿಸುತ್ತದೆ. ಬೀಡಿ, ಸಿಗರೇಟು ರಕ್ತನಾಳಗಳನ್ನು ಮತ್ತಷ್ಟು ಸಂಕುಚಿತಗೊಳಿಸುತ್ತವೆ. ಆರಂಭದಲ್ಲೇ ವೈದ್ಯರಿಗೆ ತೋರಿಸಿ. ತಡಮಾಡಿದರೆ ಸ್ಪರ್ಶಜ್ಞಾನ ಮರಳದೇ ಹೋಗಬಹುದು.

ಹೊಗೆಯೊಳಗಿನ ವಿಷ

ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಆಯಿಲನ್ನು ಪೆಟ್ರೋಲಿಗೇ ಬೆರೆಸುತ್ತಾರೆ. ಒಂದಿಷ್ಟು ಪೆಟ್ರೋಲ್ ಉರಿಯದೆಯೇ ಹೊಗೆಯೊಂದಿಗೆ ಹೊರಬೀಳುತ್ತದೆ. ಅದರಲ್ಲಿ ಬಣ್ಣ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಕೂಡ ಇರುತ್ತದೆ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದು ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಕೊಟ್ಟಿಗೆ, ಶೆಡ್ಡಿನೊಳಗೆ ಯಂತ್ರ ಓಡಿಸಿ ಟ್ಯೂನಿಂಗ್ ಮಾಡಲೇಬೇಡಿ. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಕೂಡಲೇ ಬಯಲಿಗೆ ಬನ್ನಿ.

ಪೈಪಿನಲ್ಲಿ ಬಾಯಿಂದ ಪೆಟ್ರೋಲ್ ಎಳೆಯುವ ಅಭ್ಯಾಸವೂ ಅಪಾಯಕರ. ಕೆಲವು ಹನಿ ಶ್ವಾಸಕೋಶ ಸೇರಿದರೂ ತೀವ್ರ ನ್ಯುಮೋನಿಯಾ ಆಗಬಹುದು. ಯಾರಾದರೂ ನುಂಗಿದ್ದರೆ ವಾಂತಿ ಮಾಡಿಸಬೇಡಿ, ಆಸ್ಪತ್ರೆಗೆ ಒಯ್ಯಿರಿ.

ಮನೆಯಲ್ಲಿ ಏನು ಮಾಡಬಹುದು?

ಯಂತ್ರದ ಶಕ್ತಿ ಕುಗ್ಗಲು ಹಲವು ಸಲ ಕಾರಣ ತೀರಾ ಸಾಮಾನ್ಯ: ಧೂಳು ಕಟ್ಟಿದ ಏರ್ ಫಿಲ್ಟರ್, ಮಸಿ ಹಿಡಿದ ಪ್ಲಗ್, ಮೊಂಡಾದ ಚೈನ್. ಎಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ, ಪ್ಲಗ್ಗಿನ ವೈರ್ ಕಳಚಿ, ಕೈಗವಸು ತೊಟ್ಟು ಇವನ್ನು ಸರಿಪಡಿಸಿಕೊಳ್ಳಿ. ಆಯಿಲ್ ಪ್ರಮಾಣ ಯಂತ್ರದ ಪುಸ್ತಕದಲ್ಲಿ ಹೇಳಿದಷ್ಟೇ ಇರಲಿ. 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿ.ಲೀ.

ಆಕ್ಸಿಲರೇಟರ್ ಬಿಟ್ಟಾಗ ಚೈನ್ ತಿರುಗಬಾರದು. ತಿರುಗುತ್ತಿದ್ದರೆ ಐಡ್ಲಿಂಗ್ ತಗ್ಗಿಸಿ. ಆಗಲೂ ನಿಲ್ಲದಿದ್ದರೆ ಯಂತ್ರ ಬಳಸಬೇಡಿ. ಹೆಚ್ಚು ವೇಗದ ಸ್ಕ್ರೂವನ್ನು ಒಳಕ್ಕೆ ತಿರುಗಿಸಿದರೆ ವೇಗ ಏರಿದಂತೆ ಕಾಣುತ್ತದೆ. ಆದರೆ ಪೆಟ್ರೋಲಿನ ಜೊತೆ ಆಯಿಲೂ ಕಡಿಮೆಯಾಗಿ ಎಂಜಿನ್ ಕಾದು ಹಿಡಿದುಕೊಳ್ಳುತ್ತದೆ. ಆ ಕೆಲಸ ನುರಿತ ಮೆಕ್ಯಾನಿಕ್‌ಗೇ ಇರಲಿ.

ಚೈನ್ ಬ್ರೇಕನ್ನಂತೂ ಮುಟ್ಟಬೇಡಿ. ಬಾರ್‌ನ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಯಂತ್ರ ಕಣ್ಣುಮಿಟುಕಿಸುವಷ್ಟರಲ್ಲಿ ನಿಮ್ಮ ಮುಖ, ಕತ್ತಿನತ್ತ ಚಿಮ್ಮುತ್ತದೆ. ಆಗ ಚೈನನ್ನು ನಿಲ್ಲಿಸುವುದು ಆ ಬ್ರೇಕ್ ಒಂದೇ.

ಗಾಯವಾದರೆ ಶುಭ್ರ ಬಟ್ಟೆಯಿಂದ ಬಲವಾಗಿ ಒತ್ತಿ ಹಿಡಿದು 108ಕ್ಕೆ ಕರೆಮಾಡಿ. ಅರಿಸಿನ, ಕಾಫಿಪುಡಿ ಮೆತ್ತುತ್ತಾ ಹೊತ್ತು ಕಳೆಯಬೇಡಿ. ತೋಟದಲ್ಲಿ ಒಬ್ಬರೇ ಇರುವಾಗ ಈ ಯಂತ್ರ ಚಾಲೂ ಮಾಡದಿರುವುದೇ ಲೇಸು. ಮನೆಯವರೂ ಈ ಮಾತನ್ನು ನೆನಪಿಸುತ್ತಿರಲಿ. ಕೂಲಿಯಾಳಿನ ಕೈಗೆ ಯಂತ್ರ ಕೊಡುವವರು ಅವರಿಗೂ ಕಿವಿ, ಕಣ್ಣು, ಕಾಲುಗಳ ರಕ್ಷಣೆಯ ಸಾಮಗ್ರಿ ಒದಗಿಸಬೇಕು. ಹೊಸ ಬಿಡಿಭಾಗ ಪೇಟೆಯಲ್ಲಿ ಸಿಗುತ್ತದೆ. ಹೋದ ಕಿವಿ, ಬೆರಳು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.